ಒಳಗೆ ಐದು ಗೂಡುಗಳಿದ್ದ ವ್ಯಾನ್

ಬರ್ಲಿನ್ನಿನ ಸ್ಟಾಸಿ ಮ್ಯೂಸಿಯಂನ ಒಳಗೆ ಕಾಲಿಟ್ಟರೆ ಹಜಾರದಲ್ಲೇ ಒಂದು ಪುಟ್ಟ ವ್ಯಾನ್ ನಿಂತಿದೆ. ಬಾರ್ಕಾಸ್ ಬಿ 1000 ಅಂತ ಅದರ ಹೆಸರು. 1961ರಿಂದ ಪೂರ್ವ ಜರ್ಮನಿಯಲ್ಲಿ ತಯಾರಾಗುತ್ತಿದ್ದ ಗಾಡಿ. ಅಲ್ಲಿ ಆಂಬುಲೆನ್ಸಿಗೂ ಅದೇ, ಅಂಗಡಿಗೆ ಸಾಮಾನು ಸಾಗಿಸೋಕೂ ಅದೇ. ಹಾಗಾಗಿ ಬೀದಿಯಲ್ಲಿ ಅದು ಹೋದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ನಾನೂ ಮೊದಲು ಅದನ್ನು ದಾಟಿ ಮೆಟ್ಟಿಲ ಕಡೆ ಹೊರಟಿದ್ದೆ. ಜೊತೆಗಿದ್ದ ಗೆಳತಿ ತಡೆದಳು. "ಒಳಗೆ ಬಗ್ಗಿ ನೋಡು" ಅಂದಳು.

ಒಳಗೆ ಐದು ಗೂಡುಗಳು. ಪ್ರತಿಯೊಂದಕ್ಕೂ ಬೇರೆ ಬಾಗಿಲು, ಬೇರೆ ಚಿಲಕ. ಕಿಟಕಿ ಇಲ್ಲ. ಕೂತರೆ ಮೊಣಕಾಲು ಬಾಗಿಲಿಗೆ ಒತ್ತಬೇಕು, ಭುಜ ಎರಡೂ ಕಡೆ ಗೋಡೆಗೆ ತಾಗಬೇಕು, ಅಷ್ಟೇ ಜಾಗ. ಗುಪ್ತ ಪೊಲೀಸರಾದ ಸ್ಟಾಸಿಯವರು ಬಂಧಿಸಿದವರನ್ನು ಸಾಗಿಸುತ್ತಿದ್ದದ್ದು ಇದರಲ್ಲಿ. ಇಂಥ ಎಷ್ಟೋ ಗಾಡಿಗಳ ಮೇಲೆ ಮೀನು, ತರಕಾರಿ ಅಂತ ಬರೆದಿರುತ್ತಿತ್ತಂತೆ. ಪಕ್ಕದಲ್ಲಿ ಮಗುವಿನ ಕೈ ಹಿಡಿದು ರಸ್ತೆ ದಾಟುತ್ತಿದ್ದ ತಾಯಿಗೆ, ಅದರೊಳಗೆ ಕೈಗೆ ಕೋಳ ಹಾಕಿಸಿಕೊಂಡು ಕತ್ತಲಲ್ಲಿ ಕೂತವರಿದ್ದಾರೆ ಅಂತ ಹೇಗೆ ಗೊತ್ತಾಗಬೇಕು?

ಸ್ಟಾಸಿ ಅಂದರೆ ಪೂರ್ವ ಜರ್ಮನಿಯ ರಾಜ್ಯ ಭದ್ರತಾ ಸಚಿವಾಲಯ. 1950ರ ಫೆಬ್ರವರಿಯಲ್ಲಿ ಶುರುವಾಯಿತು. ಗೂಢಚರ್ಯೆಯೂ ಅವರದೇ, ಬಂಧನವೂ ಅವರದೇ, ವಿಚಾರಣೆಯೂ ಅವರದೇ, ಜೈಲೂ ಅವರದೇ. 1957ರಿಂದ 1989ರವರೆಗೆ ಎರಿಕ್ ಮೀಲ್ಕೆ ಎಂಬ ಒಬ್ಬನೇ ಅದರ ಸಚಿವ. ಅವನ ಕಚೇರಿ, ಮೇಜು, ಫೋನು ಎಲ್ಲ ಮ್ಯೂಸಿಯಂನ ಮಹಡಿಯಲ್ಲಿ ಹಾಗೇ ಇವೆ. ಅಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲಲಿಲ್ಲ.

ನಿಂತದ್ದು ಉಪಕರಣಗಳ ಕೋಣೆಯಲ್ಲಿ. ಗಿಡಕ್ಕೆ ನೀರು ಹಾಕೋ ಡಬ್ಬದೊಳಗೆ ಕ್ಯಾಮೆರಾ. ಕೋಟಿನ ಗುಂಡಿಯ ಹಿಂದೆ ಕ್ಯಾಮೆರಾ. ಟ್ರಾಬಾಂಟ್ ಕಾರಿನ ಬಾಗಿಲೊಳಗೆ, ಕತ್ತಲಲ್ಲೂ ಫೋಟೊ ತೆಗೆಯಲು ಕಣ್ಣಿಗೆ ಕಾಣದ ಬೆಳಕು ಬಿಡುವ ದೀಪಗಳು. ಇವನ್ನೆಲ್ಲ ಬೆರಗಿನಿಂದಲೇ ನೋಡುತ್ತಾ ಹೋದೆ. ಆದರೆ ವಾಸನೆಯ ಜಾಡಿ ನೋಡಿದಾಗ ಮೈ ಜುಮ್ಮೆಂದಿತು.

ಅದು ಉಪ್ಪಿನಕಾಯಿ ಹಾಕಿಡೋ ಥರದ್ದೇ ಗಾಜಿನ ಜಾಡಿ. ಒಳಗೆ ಮಡಚಿದ ಒಂದು ಹಳದಿ ಬಟ್ಟೆ, ಧೂಳು ಒರೆಸೋ ಬಟ್ಟೆಯಂಥದ್ದು. ಯಾರನ್ನಾದರೂ ವಿಚಾರಣೆಗೆ ಕರೆದಾಗ ಅವರು ಕೂರುವ ಕುರ್ಚಿಯ ಮೇಲೆ ಇಂಥ ಬಟ್ಟೆ ಹಾಸಿರುತ್ತಿದ್ದರು. ಅವರು ಎದ್ದುಹೋದ ಮೇಲೆ ಅದನ್ನು ಜಾಡಿಗೆ ತುಂಬಿ, ಗಾಳಿಯಾಡದಂತೆ ಮುಚ್ಚಿ, ಚೀಟಿ ಅಂಟಿಸಿ ಇಡುತ್ತಿದ್ದರು. ಮುಂದೆ ಎಲ್ಲಾದರೂ ಸರ್ಕಾರದ ವಿರುದ್ಧ ಕರಪತ್ರ ಸಿಕ್ಕಿತು ಅನ್ನಿ. ಅದರ ವಾಸನೆಯನ್ನೂ ಇದನ್ನೂ ತರಬೇತಿ ಪಡೆದ ನಾಯಿಯ ಮೂಗಿಗೆ ಹಿಡಿದು ತಾಳೆ ನೋಡುವುದು. ಕುರ್ಚಿಯಲ್ಲಿ ಕೂತವರಿಗೆ ತಮ್ಮಿಂದ ಏನು ಕಿತ್ತುಕೊಂಡರು ಅನ್ನೋದೇ ಗೊತ್ತಾಗುತ್ತಿರಲಿಲ್ಲ. ಬೆವರನ್ನೂ ಬಿಡಲಿಲ್ಲವಲ್ಲ ಇವರು ಅಂತ ಸಿಟ್ಟು ಬಂತು.

"ಇದೆಲ್ಲ ಹಳೇ ಕಾಲದ್ದು ಬಿಡೇ, ಈಗ ಒಂದು ಫೋನ್ ಸಾಕು" ಅಂದಳು ಗೆಳತಿ. ಆ ಮಾತನ್ನು ಒಪ್ಪಲು ನನಗೆ ಆಗಲಿಲ್ಲ. ಹಳೇ ವಿಧಾನಕ್ಕೆ ಮನುಷ್ಯರು ಬೇಕಿತ್ತು. ಒಂದು ಕಾಗದ ಓದಬೇಕಾದರೆ ಲಕೋಟೆಗೆ ಹಬೆ ಹಿಡಿಯಲು ಒಬ್ಬರು, ಓದಲು ಒಬ್ಬರು, ನಕಲು ತೆಗೆದು ಗುರುತು ಸಿಗದ ಹಾಗೆ ಮತ್ತೆ ಅಂಟಿಸಲು ಇನ್ನೊಬ್ಬರು. ಸುಮಾರು 1.6 ಕೋಟಿ ಜನರ ದೇಶದಲ್ಲಿ 1989ರ ಹೊತ್ತಿಗೆ ಸ್ಟಾಸಿಯ ಸಂಬಳದವರೇ 91,000ದಷ್ಟಿದ್ದರು. ಅದಲ್ಲದೆ ಗುಟ್ಟಾಗಿ ಸುದ್ದಿ ಮುಟ್ಟಿಸುತ್ತಿದ್ದವರು 1,80,000ಕ್ಕೂ ಹೆಚ್ಚು. ಅವರು ಪಕ್ಕದ ಮನೆಯವರು, ಜೊತೆಗೆ ಕೆಲಸ ಮಾಡುವವರು, ಒಂದೇ ಮೇಜಿನಲ್ಲಿ ಊಟ ಮಾಡುವವರು. ಯಂತ್ರ ಕದ್ದು ಕೇಳಿದರೆ ಯಂತ್ರವನ್ನು ಬೈಯಬಹುದು. ಗೆಳೆಯನೇ ಕೇಳಿ ಬರೆದುಕೊಟ್ಟರೆ?

ಮಧ್ಯಾಹ್ನ ಟ್ರಾಮ್ ಹಿಡಿದು ಹೋಹೆನ್‌ಶೋನ್‌ಹೌಸೆನ್‌ಗೆ ಹೋದೆವು. ಆ ವ್ಯಾನುಗಳು ಹೋಗಿ ಸೇರುತ್ತಿದ್ದ ಜೈಲು ಅದು. 1994ರಿಂದ ಸ್ಮಾರಕವಾಗಿದೆ. ನಮ್ಮನ್ನು ಸುತ್ತಾಡಿಸಿದವರು ಹಿಂದೆ ಅಲ್ಲೇ ಕೈದಿಯಾಗಿದ್ದ ಹಿರಿಯರು. ದನಿ ಏರಿಸದೆ, ಅವಸರ ಮಾಡದೆ ಹೇಳುತ್ತಾ ಹೋದರು.

ಬಂಧಿಸಿದ ಜಾಗ ಎಷ್ಟೇ ಹತ್ತಿರ ಇದ್ದರೂ ವ್ಯಾನ್ ನೇರವಾಗಿ ಇಲ್ಲಿಗೆ ಬರುತ್ತಿರಲಿಲ್ಲವಂತೆ. ಗಂಟೆಗಟ್ಟಲೆ ಬೀದಿ ಬೀದಿ ಸುತ್ತಿಸುತ್ತಿದ್ದರು. ಕತ್ತಲ ಗೂಡಿನಲ್ಲಿ ಕೂತವರು ತಿರುವುಗಳನ್ನು ಎಣಿಸುತ್ತಾ, ಸ್ವಲ್ಪ ಹೊತ್ತಿಗೆ ಲೆಕ್ಕ ತಪ್ಪಿ, ಯಾವ ಊರಲ್ಲಿದ್ದೇವೆ ಅನ್ನೋದನ್ನೇ ಕಳೆದುಕೊಳ್ಳಬೇಕು. ಆಮೇಲೆ ವ್ಯಾನ್ ಮುಚ್ಚಿದ ಗ್ಯಾರೇಜಿನೊಳಗೆ ನಿಲ್ಲುತ್ತಿತ್ತು. ಬಾಗಿಲು ತೆಗೆದರೆ ಕಣ್ಣು ಕುಕ್ಕುವ ಟ್ಯೂಬ್‌ಲೈಟ್ ಬೆಳಕು. ಆಗಿನ ಬರ್ಲಿನ್ ನಕ್ಷೆಗಳಲ್ಲಿ ಈ ಜಾಗವೇ ಇರಲಿಲ್ಲ. ತಮ್ಮನ್ನು ಎಲ್ಲಿ ಇಟ್ಟಿದ್ದರು ಅಂತ ಎಷ್ಟೋ ಜನಕ್ಕೆ ಗೊತ್ತಾದದ್ದು ಬರ್ಲಿನ್ ಗೋಡೆ ಬಿದ್ದ ಮೇಲೆಯೇ.

ಒಳಗೆ ಹೆಸರಿಲ್ಲ, ಕೋಣೆಯ ನಂಬರ್ ಮಾತ್ರ. ಕಿಟಕಿಗೆ ದಪ್ಪ ಗಾಜಿನ ಇಟ್ಟಿಗೆ. ಬೆಳಕು ಬರುತ್ತದೆ, ಆಕಾಶ ಕಾಣುವುದಿಲ್ಲ. ರಾತ್ರಿ ಅಂಗಾತ ಮಲಗಬೇಕು, ಕೈ ಹೊದಿಕೆಯ ಮೇಲೆ ಕಾಣುವಂತೆ ಇಡಬೇಕು. ಓಣಿಗಳಲ್ಲಿ ಕೆಂಪು ದೀಪಗಳಿವೆ. ಒಬ್ಬ ಕೈದಿಯನ್ನು ಕರೆದೊಯ್ಯುವಾಗ ದೀಪ ಹತ್ತಿದರೆ ಬೇರೆ ಯಾರೂ ಆ ದಾರಿಗೆ ಬರಬಾರದು. ತಿಂಗಳುಗಟ್ಟಲೆ ಇನ್ನೊಬ್ಬ ಕೈದಿಯ ಮುಖ ಕಾಣಲು ಬಿಡುತ್ತಿರಲಿಲ್ಲ. ಮಾತಾಡಬೇಕು ಅನ್ನಿಸಿದರೆ ವಿಚಾರಣಾಧಿಕಾರಿಯ ಜೊತೆಗೇ ಮಾತಾಡಬೇಕು. ಅದೇ ಅವರ ಲೆಕ್ಕಾಚಾರ. ಹೊಡೆಯುವುದಕ್ಕಿಂತ ಇದು ಕಡಿಮೆ ಕ್ರೂರ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಆಮೇಲೆ ಮಾತು ಕಡತಗಳ ಕಡೆ ತಿರುಗಿತು. 1990ರ ಜನವರಿ 15ರಂದು ಜನ ಸ್ಟಾಸಿಯ ಮುಖ್ಯ ಕಚೇರಿಗೆ ನುಗ್ಗಿದರು. ಅಷ್ಟರೊಳಗೆ ಸಿಬ್ಬಂದಿ ಎಷ್ಟೋ ಕಾಗದಗಳನ್ನು ಕೈಯಲ್ಲೇ ಹರಿದು ಚೀಲಗಳಿಗೆ ತುಂಬಿದ್ದರು. ಹಾಗಿದ್ದೂ ಉಳಿದ ಕಡತಗಳನ್ನು ಸಾಲಾಗಿ ನಿಲ್ಲಿಸಿದರೆ ನೂರು ಕಿಲೋಮೀಟರಿಗೂ ಉದ್ದ. 1992ರ ಜನವರಿಯಿಂದ ಯಾರು ಬೇಕಾದರೂ ಅರ್ಜಿ ಹಾಕಿ ತಮ್ಮ ಕಡತ ಓದಬಹುದು. ವೇರಾ ಲೆಂಗ್ಸ್‌ಫೆಲ್ಡ್ 1988ರಲ್ಲಿ ಇದೇ ಜೈಲಿನಲ್ಲಿದ್ದವರು, ಮುಂದೆ ಸಂಸದೆಯಾದರು. ವರ್ಷಗಟ್ಟಲೆ ತಮ್ಮ ಸುದ್ದಿ ಮುಟ್ಟಿಸಿದ್ದು ತಮ್ಮ ಗಂಡನೇ ಅಂತ ಅವರಿಗೆ ಗೊತ್ತಾದದ್ದು ಕಡತಗಳಿಂದಲೇ.

ಹೊರಗೆ ಬಂದ ಮೇಲೆ ಗೆಳತಿ ತನ್ನ ಹಿರಿಯ ಸಹೋದ್ಯೋಗಿಯೊಬ್ಬರ ವಿಷಯ ಹೇಳಿದಳು. ಆಕೆ ಅಲ್ಲೇ ಪೂರ್ವದಲ್ಲಿ ಬೆಳೆದವರು. ಇವತ್ತಿಗೂ ಅರ್ಜಿ ಹಾಕಿಲ್ಲ. ಅದರಲ್ಲಿ ಯಾರ ಹೆಸರು ಬರಬಹುದು ಅಂತ ಒಂದು ಅನುಮಾನ ಇದೆಯಂತೆ, ಅದು ನಿಜವಾಗುವುದು ಬೇಡವಂತೆ. ಟ್ರಾಮ್ ಬರುವವರೆಗೂ ನಾವಿಬ್ಬರೂ ಇದನ್ನೇ ಚರ್ಚಿಸಿದೆವು. ಆಕೆ ಮಾಡಿದ್ದೇ ಸರಿ ಅಂದಳು ಗೆಳತಿ. ನಾನಾಗಿದ್ದರೆ ಅರ್ಜಿ ಹಾಕುತ್ತಿದ್ದೆ, ಹೆಸರು ಯಾರದ್ದೇ ಇರಲಿ.