‘ಅಪ್ಪ ಬಂಗಡೆ ತರಿದ’

ಕಾರವಾರದಲ್ಲಿ ಮಕ್ಕಳಿಗೆ ಮಾತಿನ ತರಬೇತಿ ಕೊಡುವ ನನಗೆ ಇವತ್ತು ಹಬ್ಬ. ‘ನಿನ್ನೆ ಅಪ್ಪ ಬಂಗಡೆ ತರುತ್ತಾನೆ’ ಎನ್ನುತ್ತಿದ್ದ ಹುಡುಗ ಇವತ್ತು ‘ತರಿದ’ ಎಂದ. ತಿದ್ದಲು ಬಾಯಿ ತೆರೆದ ಅಜ್ಜಿಯನ್ನು ಕಣ್ಣಲ್ಲೇ ತಡೆದೆ. ‘ಹೌದಾ, ಅಪ್ಪ ಬಂಗಡೆ ತಂದನಾ? ಎಷ್ಟು ತಂದ?’ ಎಂದು ಕೇಳಿದೆ. ‘ಬುಟ್ಟಿ ತುಂಬಾ!’ ಎಂದು ಕೈ ಅಗಲಿಸಿದ.

‘ತರಿದ’ ತಪ್ಪೇ, ಆದರೆ ಬುದ್ಧಿ ಓಡಿಸಿ ಮಾಡಿದ ತಪ್ಪು. ಮಾಡಿದ, ಓಡಿದ, ಹಾಡಿದ ಎಂಬುದನ್ನೆಲ್ಲ ಕೇಳಿ ನಿಯಮ ಹಿಡಿದಿದ್ದಾನೆ. ಮಕ್ಕಳು ಎಂದೂ ಕೇಳಿರದ, ಅರ್ಥವೇ ಇಲ್ಲದ ಪದಗಳಿಗೂ ಹೀಗೆ ನಿಯಮ ಹಚ್ಚುತ್ತಾರೆ ಎಂದು ಅಮೆರಿಕದ ಭಾಷಾ ಸಂಶೋಧಕಿ ಜೀನ್ ಬರ್ಕೊ 1958ರಲ್ಲೇ ತೋರಿಸಿದ್ದರು. ಅದರಲ್ಲೂ ನಮ್ಮ ಕನ್ನಡದ ಮಕ್ಕಳ ಪಾಡು ನೋಡಿ: ಬರು–ಬಂದ, ಬೀಳು–ಬಿದ್ದ, ಕೊಡು–ಕೊಟ್ಟ, ನಿಲ್ಲು–ನಿಂತ. ದಿನವಿಡೀ ಬೇಕಾಗುವ ಕ್ರಿಯಾಪದಗಳೇ ಹಠಮಾರಿಗಳು!

ಬಾಯಿಪಾಠ ಮಾಡಿಸಲು ಪಟ್ಟಿ ಕೊಡಿ ಎಂದು ಪಾಲಕರು ಕೇಳುತ್ತಾರೆ. ಪಟ್ಟಿ ಬೇಡ, ಮಗುವನ್ನು ಟ್ಯಾಗೋರ್ ಕಡಲತೀರಕ್ಕೆ ಕರೆದುಕೊಂಡು ಹೋಗಿ. ಏಡಿ ಬಿಲ ಸೇರಿದ ಕೂಡಲೇ ‘ಏಡಿ ಒಳಗೆ ಹೋಯಿತು’ ಎನ್ನಿ. ಮರಳಿನ ಗೋಪುರ ಕುಸಿದ ತಕ್ಷಣ ‘ಅಯ್ಯೋ, ಬಿತ್ತು’ ಎನ್ನಿ. ಕಣ್ಣೆದುರು ಈಗಷ್ಟೇ ಮುಗಿದದ್ದಕ್ಕೆ ಮಾತು ಜೋಡಿಸುವುದು ಮಗುವಿಗೆ ಸುಲಭ. ‘ಹೇಳು, ಹೇಳು’ ಎಂದು ಮಾತ್ರ ಪೀಡಿಸಬೇಡಿ.

ಅಜ್ಜಿಗೆ ಇದೆಲ್ಲ ಒಪ್ಪಿಗೆಯಾದಂತಿಲ್ಲ. ‘ತಪ್ಪನ್ನು ತಪ್ಪು ಎನ್ನದಿದ್ದರೆ ಹೇಗೆ ಮೇಡಂ?’ ಎನ್ನುತ್ತಲೇ ರಿಕ್ಷಾ ಹತ್ತಿದರು. ಮುಂದಿನ ಸಲ ಮೊಮ್ಮಗನನ್ನು ಆಟಕ್ಕೆ ಬಿಟ್ಟು ಮೊದಲು ಅವರೊಂದಿಗೇ ಕೂರಬೇಕು.