ಸವರ್ ಕ್ರೀಮ್ ಕೇಳಿದೆ, ಸೇಬಿನ ಸಾಸ್ ಕೊಟ್ಟರು

ಹೋದ ಭಾನುವಾರ ಯಹೂದಿ ಊಟದ ಮೇಳಕ್ಕೆ ಹೋಗಿದ್ದೆ. ನನ್ನ ಜೊತೆ ಕೆಲಸ ಮಾಡುವ ಗೆಳತಿಯೊಬ್ಬಳು ಕರೆದಿದ್ದಳು. ಅವಳು ಹೋಗುವ ಸಿನಗಾಗ್, ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರ, ಅದರ ಅಂಗಳದಲ್ಲಿ ವರ್ಷಕ್ಕೊಂದು ಸಲ ಈ ಮೇಳ ನಡೆಯುತ್ತದೆ. ಅಡುಗೆಯೆಲ್ಲ ಅಲ್ಲಿನವರೇ ಮಾಡುತ್ತಾರೆ. "ಬೆಳಗ್ಗೆ ಏನೂ ತಿನ್ನದೆ ಬಾ" ಅಂದಿದ್ದಳು. ಶನಿವಾರವೇ ಇಡಬಹುದಿತ್ತಲ್ಲ, ಎಲ್ಲರಿಗೂ ರಜಾ ಅಲ್ವಾ ಅಂತ ಕೇಳಿ ಪೆದ್ದು ಅನ್ನಿಸಿಕೊಂಡೆ. ಶುಕ್ರವಾರ ಹೊತ್ತು ಮುಳುಗುವ ಮುಂಚಿನಿಂದ ಶನಿವಾರ ರಾತ್ರಿ ನಕ್ಷತ್ರ ಕಾಣುವ ತನಕ ಅವರಿಗೆ ಶಬ್ಬಾತ್, ಅಂದ್ರೆ ವಾರದ ವಿಶ್ರಾಂತಿಯ ದಿನ. ಆಗ ಒಲೆ ಹಚ್ಚುವ ಹಾಗಿಲ್ಲ, ಅಡುಗೆ ಮಾಡುವ ಹಾಗಿಲ್ಲ, ದುಡ್ಡು ಮುಟ್ಟುವ ಹಾಗಿಲ್ಲ. ಇನ್ನು ಮೇಳ ಎಲ್ಲಿಂದ ಬರಬೇಕು!

ಗೇಟು ದಾಟಿದ ಕೂಡಲೇ ಎಣ್ಣೆಯಲ್ಲಿ ಈರುಳ್ಳಿ ಕೆಂಪಗಾಗುವ ವಾಸನೆ. ಎಲ್ಲಕ್ಕಿಂತ ಉದ್ದದ ಸಾಲು ಲಾಟ್ಕೆ ಮುಂದೆ ಇತ್ತು. ಲಾಟ್ಕೆ ಅಂದ್ರೆ ಆಲೂಗಡ್ಡೆ ತುರಿಯನ್ನು ತಟ್ಟಿ ಎಣ್ಣೆಯಲ್ಲಿ ಕರಿದದ್ದು, ಅಷ್ಟೇ. ಹೇಳೋಕೆ ಸುಲಭ. ಸಾಲಿನಲ್ಲಿ ಅರ್ಧ ಗಂಟೆ ನಿಂತಿದ್ದರಿಂದ ಮಾಡೋದನ್ನು ಪೂರ್ತಿ ನೋಡಿದೆ. ಇಬ್ಬರು ಹುಡುಗರು ಆಲೂಗಡ್ಡೆ ಒಂದು, ಈರುಳ್ಳಿ ಒಂದು ಅಂತ ಒಂದಾದ ಮೇಲೊಂದು ತುರಿಯುತ್ತಿದ್ದರು. ಈರುಳ್ಳಿ ಬೆರೆತರೆ ಆಲೂಗಡ್ಡೆ ಬೇಗ ಕಪ್ಪಾಗಲ್ಲವಂತೆ. ತುರಿಯನ್ನು ಬಟ್ಟೆಯಲ್ಲಿ ಕಟ್ಟಿ, ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ ತಿರುಚಿ ಹಿಂಡಿದರು. ಹಿಂಡಿದ ನೀರನ್ನು ಚೆಲ್ಲಲಿಲ್ಲ. ಐದು ನಿಮಿಷ ಪಾತ್ರೆಯಲ್ಲಿ ಹಾಗೇ ಬಿಟ್ಟು, ಮೇಲಿನ ಕೆಂಪು ನೀರನ್ನು ಮೆಲ್ಲಗೆ ಬಗ್ಗಿಸಿದಾಗ ತಳದಲ್ಲಿ ಬಿಳೀ ಹಿಟ್ಟು ಸುಣ್ಣದ ಹಾಗೆ ಗಟ್ಟಿಯಾಗಿ ಕೂತಿತ್ತು. ಅದನ್ನು ಬೆರಳಲ್ಲಿ ಕೆರೆದು ವಾಪಸ್ ತುರಿಗೆ ಹಾಕಿ, ಮೊಟ್ಟೆ, ಉಪ್ಪು ಸೇರಿಸಿ ಕಲಸಿದರು. ಆ ಹಿಟ್ಟೇ ಅಂಟು. ಇಷ್ಟು ದಿನ ನಾನು ಅದನ್ನು ಸಿಂಕಿಗೆ ಸುರಿಯುತ್ತಿದ್ದೆನಲ್ಲ ಅನ್ನಿಸಿತು.

ಲಾಟ್ಕೆ ಹನುಕ್ಕಾ ಹಬ್ಬದ ತಿಂಡಿ. ಜೆರುಸಲೇಮಿನ ದೇವಾಲಯವನ್ನು ಮತ್ತೆ ಶುದ್ಧ ಮಾಡಿದಾಗ ಒಂದು ದಿನಕ್ಕೆ ಆಗುವಷ್ಟು ಎಣ್ಣೆಯಲ್ಲಿ ದೀಪ 8 ದಿನ ಉರಿಯಿತು ಅನ್ನೋ ಕಥೆ ಇದೆ. ಅದಕ್ಕೇ ಆ ಹಬ್ಬಕ್ಕೆ ಕರಿದ ತಿಂಡಿ. ತಮಾಷೆ ಅಂದ್ರೆ ಈಗ ಹಬ್ಬದ ಗುರುತೇ ಆಗಿರುವ ಆಲೂಗಡ್ಡೆ ದಕ್ಷಿಣ ಅಮೆರಿಕದ್ದು. ಪೂರ್ವ ಯುರೋಪಿನ ಬಡವರ ಅಡುಗೆಮನೆಗೆ ಅದು ಬಂದು ಕೂತಿದ್ದು 18-19ನೇ ಶತಮಾನದಲ್ಲಿ. ಅದಕ್ಕಿಂತ ಮೊದಲು ಕೆಲವು ಕಡೆ ಚೀಸ್ ಹಾಕಿಯೂ ಮಾಡುತ್ತಿದ್ದರು.

ನನ್ನ ಸರದಿ ಬಂತು. ಅಂಚೆಲ್ಲ ಗರಿಗರಿ, ನಡುವೆ ಮೆತ್ತಗೆ, ಕೈ ಸುಡುವಷ್ಟು ಬಿಸಿ. "ಸವರ್ ಕ್ರೀಮ್ ಇದೆಯಾ?" ಅಂತ ಕೇಳಿದೆ. ಅದು ಹುಳಿ ಬರಿಸಿದ ಹಾಲಿನ ಕೆನೆ, ಅದರ ಜೊತೆ ತಿನ್ನೋದು ಎಲ್ಲೋ ನೋಡಿದ್ದೆ. ಹುಡುಗ ನನ್ನನ್ನು ನೋಡಿದ, ಪಕ್ಕದಲ್ಲಿ ಮಾಂಸ ಹೆಚ್ಚುತ್ತಿದ್ದ ಮೇಜನ್ನು ನೋಡಿದ, ನಕ್ಕ. "ಇವತ್ತು ಮಾಂಸ ಇದೆ. ಸೇಬಿನ ಸಾಸ್ ತಗೊಳ್ಳಿ" ಅಂತ ಒಂದು ಚಮಚ ಹಾಕಿದ.

ಗೆಳತಿ ಆಮೇಲೆ ಬಿಡಿಸಿ ಹೇಳಿದಳು. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ ಅಂತ ಅವರ ಧರ್ಮಗ್ರಂಥ ತೋರಾದಲ್ಲಿ ಮೂರು ಕಡೆ ಬರುತ್ತದೆ. ಅದೊಂದು ಮಾತಿನಿಂದ ಮಾಂಸ ಬೇರೆ, ಹಾಲು ಬೇರೆ ಅನ್ನೋ ನಿಯಮವೆಲ್ಲ ಬೆಳೆದಿದೆ. ಪಾತ್ರೆ ಬೇರೆ, ತಟ್ಟೆ ಬೇರೆ. ಮಾಂಸ ತಿಂದ ಮೇಲೆ ಹಾಲು ಮುಟ್ಟೋಕೆ ಕಾಯಬೇಕು, ಕೆಲವರು 3 ಗಂಟೆ, ಕೆಲವರು 6 ಗಂಟೆ. ಎರಡಕ್ಕೂ ಸೇರದೆ ನಡುವೆ ಇರುವುದಕ್ಕೆ ಪಾರ್ವ ಅಂತಾರೆ: ತರಕಾರಿ, ಹಣ್ಣು, ಕಾಳು, ಮೊಟ್ಟೆ, ಮೀನು. ಮೇಳದ ಅಡುಗೆ ಪೂರ್ತಿ ಮಾಂಸದ ಅಡುಗೆಮನೆಯಲ್ಲಿ ಆಗಿದ್ದರಿಂದ ಇಡೀ ಅಂಗಳದಲ್ಲಿ ಒಂದು ತೊಟ್ಟು ಹಾಲಿಲ್ಲ. ಕಾಫಿಗೂ ಸೋಯಾ ಹಾಲು. ಸಿಹಿ ತಿಂಡಿಗೂ ಬೆಣ್ಣೆ ಇಲ್ಲ.

ಇದನ್ನು ಕೇಳಿದ ಮೇಲೆ ನಾನು ತಿಂದ ರೀತಿಯೇ ಬದಲಾಯಿತು. ಪ್ರತಿ ಮೇಜಿನ ಮುಂದೆ ನಿಂತು, ಇಲ್ಲಿ ಯಾವುದು "ಮಾಡಬಾರದು" ಅಂತ ಹುಡುಕೋಕೆ ಶುರು ಮಾಡಿದೆ. ಯಾಕಂದ್ರೆ ಈ ಅಡುಗೆಯಲ್ಲಿ ಒಳ್ಳೊಳ್ಳೆ ತಿನಿಸು ಹುಟ್ಟಿರೋದೇ ಅಂಥ ಕಡೆ.

ಗೆಫಿಲ್ಟೆ ಫಿಶ್ ನೋಡಿ. ಮೇಜಿನ ಹಿಂದೆ ಎಂಬತ್ತು ದಾಟಿದ ಒಬ್ಬರು ಕೂತಿದ್ದರು. ಹೆಸರು ಕೇಳಲಿಲ್ಲ, ನನ್ನ ಮನಸ್ಸಿನಲ್ಲಿ ಅಜ್ಜಿ. ಕಾರ್ಪ್, ಪೈಕ್ ಥರದ ಸಿಹಿನೀರಿನ ಮೀನಿನ ಮುಳ್ಳು ಬಿಡಿಸಿ, ಅರೆದು, ಈರುಳ್ಳಿ, ಮೊಟ್ಟೆ ಸೇರಿಸಿ, ಉಂಡೆ ಕಟ್ಟಿ ಮೀನಿನ ರಸದಲ್ಲೇ ಬೇಯಿಸಿ, ತಣ್ಣಗೆ ಮಾಡಿ ಕೊಡುತ್ತಾರೆ. ಬೂದು ಬಣ್ಣದ ಉಂಡೆ, ಮೇಲೆ ಒಂದು ಬಿಲ್ಲೆ ಕ್ಯಾರೆಟ್. ಚೆನ್ನಾಗಿ ಕಾಣುತ್ತೆ ಅಂತ ಯಾರೂ ಹೇಳಲಾರರು. ಶಬ್ಬಾತ್ ದಿನ ಮಾಡಬಾರದ ಕೆಲಸ 39 ಬಗೆ ಇವೆ, ಅದರಲ್ಲಿ ಬೇಡದ್ದನ್ನು ಆರಿಸಿ ತೆಗೆಯೋದೂ ಒಂದು. ತಟ್ಟೆಯಲ್ಲಿ ಮೀನಿನ ಮುಳ್ಳು ಆರಿಸಿದರೆ ಅದೂ ಕೆಲಸವೇ ಆಗಿಬಿಡುತ್ತೆ. ಹಾಗಾಗಿ ಶುಕ್ರವಾರವೇ ಮುಳ್ಳೆಲ್ಲ ತೆಗೆದು ಉಂಡೆ ಮಾಡಿಟ್ಟರೆ ಮರುದಿನ ಸುಮ್ನೆ ತಿನ್ನಬಹುದು. ಪೋಲೆಂಡಿನ ಕಡೆಯವರು ಸಕ್ಕರೆ ಹಾಕುತ್ತಾರೆ, ಲಿಥುವೇನಿಯಾ ಕಡೆಯವರು ಮೆಣಸು ಹಾಕುತ್ತಾರೆ. "ನಮ್ಮದು ಮೆಣಸು. ಸಕ್ಕರೆ ಹಾಕಿದ್ದು ಮೀನೇ ಅಲ್ಲ" ಅಂದರು ಅಜ್ಜಿ.

ಪಕ್ಕದ ಬಟ್ಟಲಿನಲ್ಲಿ ಕಡುಗೆಂಪು ತುರಿ ಇತ್ತು. ಬೀಟ್‌ರೂಟ್ ಅಂದುಕೊಂಡು ಚಮಚ ತುಂಬ ಹಾಕಿಕೊಂಡೆ. ಅಜ್ಜಿ ನೋಡಿದರು, ಏನೂ ಹೇಳಲಿಲ್ಲ. ಬಾಯಿಗೆ ಇಟ್ಟ ಎರಡು ಸೆಕೆಂಡ್ ಏನೂ ಆಗಲಿಲ್ಲ, ಮೂರನೇದಕ್ಕೆ ಮೂಗಿನಿಂದ ನೆತ್ತಿಗೆ ಏನೋ ಹತ್ತಿ ಹೋಯಿತು. ಕಣ್ಣಲ್ಲಿ ನೀರು, ಕಿವಿ ಬಿಸಿ, ಮಾತಿಲ್ಲ. ಅದು ಖ್ರೇನ್. ಹಾರ್ಸ್‌ರ‍್ಯಾಡಿಶ್ ಅನ್ನೋ ಘಾಟಿನ ಬೇರನ್ನು ತುರಿದು ಬೀಟ್‌ರೂಟ್ ಜೊತೆ ಕಲಸಿದ್ದು. ಬೀಟ್‌ರೂಟ್ ಇರೋದು ಹೆಚ್ಚುಕಮ್ಮಿ ಬಣ್ಣಕ್ಕೆ. ಅಜ್ಜಿ ಒಂದು ಲೋಟ ನೀರು ಮುಂದಿಟ್ಟು, "ಈಗ ಮೀನಿನ ಜೊತೆ ಚೂರೇ ಚೂರು ತಗೊಳ್ಳಿ" ಅಂದರು. ತಗೊಂಡೆ. ತಣ್ಣನೆ ಸಪ್ಪೆ ಮೀನಿಗೆ ಆ ಘಾಟು ಬೇಕೇ ಬೇಕು. ಬರಿ ಮೀನು ತಿಂದಿದ್ದರೆ ಇಷ್ಟ ಆಗ್ತಿರಲಿಲ್ಲ, ಖಂಡಿತ.

ಮುಂದಿನದು ಸೂಪು. ಮಟ್ಸಾ ಅಂದ್ರೆ ಪಾಸ್‌ಓವರ್ ಹಬ್ಬದ ಹುಳಿ ಬರಿಸದ ರೊಟ್ಟಿ. ಹಿಟ್ಟಿಗೆ ನೀರು ಬಿದ್ದಾಗಿನಿಂದ 18 ನಿಮಿಷದೊಳಗೆ ಬೆಂದು ಮುಗಿದಿರಬೇಕು. ಆ ರೊಟ್ಟಿಯ ಪುಡಿಗೆ ಮೊಟ್ಟೆ, ಕೋಳಿ ಕೊಬ್ಬು ಹಾಕಿ ಉಂಡೆ ಮಾಡಿ ಕೋಳಿ ಸೂಪಿನಲ್ಲಿ ಬಿಡುತ್ತಾರೆ. ಕೋಳಿ ಕೊಬ್ಬಿಗೆ ಶ್ಮಾಲ್ಟ್ಸ್ ಅಂತ ಹೆಸರು. ಮಾಂಸದ ಜೊತೆ ಬೆಣ್ಣೆ ಇಲ್ಲ, ಹಂದಿ ಕೊಬ್ಬು ಮೊದಲೇ ಇಲ್ಲ, ಆ ಚಳಿ ಊರುಗಳಲ್ಲಿ ಆಲಿವ್ ಎಣ್ಣೆ ಸಿಗ್ತಿರಲಿಲ್ಲ. ಉಳಿದಿದ್ದು ಕೋಳಿ, ಬಾತು. ಉಂಡೆ ಸೂಪಿನಲ್ಲಿ ತೇಲಬೇಕಾ ಮುಳುಗಬೇಕಾ ಅಂತ ಇವರಲ್ಲಿ ಮುಗಿಯದ ಜಗಳ ಇದೆ. ಗೆಳತಿ ತೇಲುವ ಪಕ್ಷ, ಅವಳ ಅಮ್ಮ ಮುಳುಗುವ ಪಕ್ಷ. ಇಬ್ಬರೂ ನನ್ನ ಮುಖ ನೋಡಿದರು. ನಾನು ಬಾಯಿ ತುಂಬ ಸೂಪು ತುಂಬಿಕೊಂಡು ಬಚಾವಾದೆ. (ನನಗೆ ಮುಳುಗಿದ್ದೇ ಇಷ್ಟವಾಯಿತು. ಅವಳು ಇದನ್ನು ಓದಲ್ಲ.)

ಕುಗೆಲ್ ನನಗೆ ಸೇರಲಿಲ್ಲ. ನೂಡಲ್ಸ್‌ಗೆ ಮೊಟ್ಟೆ, ಒಣದ್ರಾಕ್ಷಿ, ದಾಲ್ಚಿನ್ನಿ, ಸಕ್ಕರೆ ಹಾಕಿ ಬೇಯಿಸಿದ್ದು. ಊಟದ ನಡುವೆ ಸಿಹಿ ನೂಡಲ್ಸ್ ಯಾಕೆ ಅಂತ ನಾಲಿಗೆ ಕೇಳುತ್ತಲೇ ಇತ್ತು. ಮೂಲೆಯ ಕರುಕಲು ತುಂಡು ಮಾತ್ರ ತಿಂದೆ, ಅದು ಚೆನ್ನಾಗಿತ್ತು.

ಒಂದು ಮೇಜು ಬೇರೆ ಥರ ಇತ್ತು. 1492ರಲ್ಲಿ ಸ್ಪೇನಿನಿಂದ ಓಡಿಸಿದಾಗ ಅಲ್ಲಿನ ಯಹೂದಿಗಳಲ್ಲಿ ಎಷ್ಟೋ ಜನ ಒಟ್ಟೋಮನ್ ನಾಡಿಗೆ (ಇವತ್ತಿನ ಟರ್ಕಿ, ಅದರ ಸುತ್ತಮುತ್ತ) ಹೋಗಿ ನೆಲೆಸಿದರು, ಅವರಿಗೆ ಸೆಫಾರ್ದಿ ಅಂತಾರೆ. ಅವರ ಅಡುಗೆಯಲ್ಲಿ ಆಲಿವ್ ಎಣ್ಣೆ, ಬದನೆಕಾಯಿ, ನಿಂಬೆಹಣ್ಣು. ಬುರೇಕಾಸ್ ಅಂತ ಆಲೂಗಡ್ಡೆ ತುಂಬಿದ, ಪಫ್ ಥರದ ತಿಂಡಿ ಎರಡು ತಿಂದೆ. ಹೊಟ್ಟೆಯಲ್ಲಿ ಜಾಗ ಉಳಿಸಬೇಕಿತ್ತು, ಚೋಲೆಂಟ್ ಬಾಕಿ ಇತ್ತು.

ಚೋಲೆಂಟ್ ಅಂದ್ರೆ ಹುರುಳಿಕಾಯಿ ಬೀಜ, ಬಾರ್ಲಿ, ಆಲೂಗಡ್ಡೆ, ಮಾಂಸ ಎಲ್ಲ ಒಂದೇ ಪಾತ್ರೆಗೆ. ಶಬ್ಬಾತ್ ದಿನ ಬೇಯಿಸುವ ಹಾಗಿಲ್ಲ, ಆದರೆ ಬಿಸಿ ಊಟ ಬೇಕು. ಹಾಗಾದ್ರೆ ಶುಕ್ರವಾರ ಹೊತ್ತು ಮುಳುಗುವ ಮುಂಚೆಯೇ ಸಣ್ಣ ಉರಿಯ ಮೇಲಿಟ್ಟು ಬಿಡೋದು, ಮರುದಿನ ಮಧ್ಯಾಹ್ನ ತೆಗೆಯೋದು. ಹಿಂದೆ ಪೂರ್ವ ಯುರೋಪಿನ ಊರುಗಳಲ್ಲಿ ಮನೆಮನೆಯವರೂ ಪಾತ್ರೆಯ ಮುಚ್ಚಳಕ್ಕೆ ಹಿಟ್ಟು ಮೆತ್ತಿ, ಬೇಕರಿಯ ದೊಡ್ಡ ಒಲೆಯಲ್ಲಿ ರಾತ್ರಿಯಿಡೀ ಇಟ್ಟು, ಶನಿವಾರ ಪ್ರಾರ್ಥನೆ ಮುಗಿಸಿ ಬರುವಾಗ ಎತ್ತಿಕೊಂಡು ಬರುತ್ತಿದ್ದರು. ಇಲ್ಲಿಯದನ್ನು ಶನಿವಾರ ರಾತ್ರಿ ಶಬ್ಬಾತ್ ಮುಗಿದ ಮೇಲೆ ಇಟ್ಟರಂತೆ. ಮುಚ್ಚಳ ತೆಗೆದಾಗ ಕಂಡಿದ್ದು ಕಂದು ಬಣ್ಣ ಅಷ್ಟೇ. ಯಾವುದು ಆಲೂಗಡ್ಡೆ, ಯಾವುದು ಮಾಂಸ ತಿಳಿಯಲಿಲ್ಲ. ಒಳಗೆ ಸಿಪ್ಪೆ ಸಮೇತ ಹಾಕಿದ್ದ ಮೊಟ್ಟೆಗಳಿದ್ದವು. ಒಂದನ್ನು ಸುಲಿದು ಕೊಟ್ಟರು. ಬಿಳಿ ಭಾಗವೂ ಕಂದು ಬಣ್ಣಕ್ಕೆ ತಿರುಗಿತ್ತು, ರುಚಿ ಸುಟ್ಟ ಗೋಡಂಬಿಯ ಹತ್ತಿರ. ಆ ಇಡೀ ದಿನದಲ್ಲಿ ಒಂದೇ ಒಂದನ್ನು ಮತ್ತೆ ಕೊಡ್ತೀವಿ ಅಂದರೆ ಆ ಮೊಟ್ಟೆ ಕೇಳ್ತೀನಿ.

ಹೊರಡುವಾಗ ರುಗೆಲಾಖ್, ಅಂದ್ರೆ ಸುರುಳಿ ಸುತ್ತಿದ ಸಿಹಿ ಬಿಸ್ಕತ್ತು, ಒಂದು ಪೊಟ್ಟಣ ತಗೊಂಡೆ. ಬೆಣ್ಣೆ ಇಲ್ಲದ್ದರಿಂದ ಸ್ವಲ್ಪ ಒಣ ಒಣ. ಪರವಾಗಿಲ್ಲ, ಕಾರಿನಲ್ಲೇ ಖಾಲಿಯಾಯಿತು.

ಮೊನ್ನೆ ಬುಧವಾರ ಮನೆಯಲ್ಲಿ ಲಾಟ್ಕೆ ಮಾಡಿದೆ. ಬಟ್ಟೆಯಲ್ಲಿ ಹಿಂಡಿದೆ, ನೀರನ್ನು ಹಾಗೇ ಬಿಟ್ಟು ಕಾದೆ, ತಳದ ಹಿಟ್ಟು ಕೆರೆದು ಹಾಕಿದೆ. ಮೊದಲನೇ ಬಾಣಲೆಯದು ಎಣ್ಣೆ ಕಾಯದೆ ಮೆತ್ತಗಾಯಿತು, ಎರಡನೇದು ಸರಿ ಬಂತು. ಮನೆಯಲ್ಲಿ ಅವತ್ತು ಮಾಂಸ ಇರಲಿಲ್ಲ, ಫ್ರಿಜ್‌ನಲ್ಲಿ ಸವರ್ ಕ್ರೀಮ್ ಇತ್ತು, ಧಾರಾಳವಾಗಿ ಹಾಕಿಕೊಂಡೆ. ಮೂರನೇ ಲಾಟ್ಕೆಗೆ ಎದ್ದು ಹೋಗಿ ಒಂದು ಸೇಬು ಹೆಚ್ಚಿ ಬೇಯಲು ಇಟ್ಟೆ.