ತಾಂಗಾದಲ್ಲಿ ನೆನಪಾದ ಆಯಿಯ ಕಾಲು

ತಾಂಜಾನಿಯಾದ ಕರಾವಳಿಯಲ್ಲಿ ಹಿರಿಯರು ಎದುರಾದರೆ 'ಶಿಕಾಮೂ' ಅನ್ನಬೇಕು. ನಿಮ್ಮ ಪಾದ ಹಿಡಿಯುತ್ತೇನೆ ಅಂತ ಅದರ ಮೂಲ ಅರ್ಥ ಎಂದು ಅಲ್ಲಿಯವರು ಹೇಳುತ್ತಾರೆ. ಅದಕ್ಕೆ ಹಿರಿಯರು 'ಮರಹಬಾ' ಅನ್ನುತ್ತಾರೆ. ನಮ್ಮ ಕಡೆ 'ಶರಣ್ರಿ' ಅಂದಾಗ 'ಶರಣು ಶರಣು' ಅನ್ನೋ ಹಾಗೆ. ತಾಂಗಾ ಪಟ್ಟಣದ ಹತ್ತಿರದ ಹಳ್ಳಿಯಲ್ಲಿ ಮೊದಲ ದಿನವೇ ಒಬ್ಬ ಅಜ್ಜಿಗೆ ಹೀಗೆ ಶಿಕಾಮೂ ಅಂದೆ. ಅವರು ಮರಹಬಾ ಅಂದರು. ಅನ್ನುತ್ತಲೇ ಉಟ್ಟಿದ್ದ ಖಾಂಗಾದ ಅಂಚು ಎಳೆದು ಎಡಗಾಲು ಮುಚ್ಚಿಕೊಂಡರು.

ಹಾಗೆ ಮುಚ್ಚಿಕೊಳ್ಳೋದು ನನಗೆ ಚೆನ್ನಾಗಿ ಗೊತ್ತು. ನಮ್ಮ ಆಯಿ, ಅಂದರೆ ಅಜ್ಜಿ, ದಿನವೂ ಮಾಡುತ್ತಿದ್ದಳು, ಇಳಕಲ್ ಸೀರೆಯ ಅಂಚು ಎಳೆದು.

ನಾನು ಯಾದಗಿರಿ ಜಿಲ್ಲೆಯವಳು, ಶಹಾಪುರದ ಕಡೆ ನಮ್ಮೂರು. ಕಲಬುರಗಿಯಲ್ಲಿ ನರ್ಸಿಂಗ್ ಓದಿ, ಕೆಲವು ವರ್ಷ ಅಲ್ಲೇ ಕೆಲಸ ಮಾಡಿದೆ. ಈಗ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಓದುತ್ತಿದ್ದೇನೆ. ಸೊಳ್ಳೆ, ನೊಣಗಳಿಂದ ಹರಡುವ ರೋಗಗಳು ನನ್ನ ವಿಷಯ. ಅದರಲ್ಲಿ ನಾನು ಹಿಡಿದುಕೊಂಡಿದ್ದು ಆನೆಕಾಲು ರೋಗವನ್ನು. ಅದಕ್ಕಾಗಿ ಮೂರು ತಿಂಗಳು ತಾಂಗಾದ ಕಡೆ ಇದ್ದೆ. ರೋಗಿಗಳ ಮನೆಗೆ ಹೋಗೋದು, ಜೊತೆಗೆ ಕೂರೋದು, ಅವರ ದಿನ ಹೇಗೆ ಕಳೆಯುತ್ತೆ ಅಂತ ಕೇಳಿ ಬರೆದುಕೊಳ್ಳೋದು. ಕಾಲು ಊದಿದರೆ ಅಲ್ಲಿ 'ಮಾತೆಂದೆ' ಅನ್ನುತ್ತಾರೆ. ಗಂಡಸರ ಬೀಜ ಊದಿದರೆ 'ಬುಶಾ'. ಬುಶಾ ಇರುವವರು ಹೆಂಗಸಾದ ನನ್ನ ಮುಂದೆ ಬಾಯಿ ಬಿಡಲು ವಾರಗಟ್ಟಲೆ ಹಿಡಿಯಿತು. ಅದಕ್ಕೆ ಆಪರೇಷನ್ ಇದೆ, ವಾಸಿಯಾಗುತ್ತೆ. ಆದರೂ ಎಷ್ಟೋ ಜನ ನಾಚಿಕೆಯಿಂದಲೇ ವರ್ಷಗಳನ್ನು ಕಳೆದಿದ್ದರು.

ಲಿವರ್‌ಪೂಲಿನ ನಾನು ಓದುವ ಉಷ್ಣವಲಯದ ರೋಗಗಳ ಶಾಲೆ ಶುರುವಾಗಿದ್ದು 1898ರಲ್ಲಿ. ರೊನಾಲ್ಡ್ ರಾಸ್ ಇಲ್ಲಿ ಪಾಠ ಮಾಡಿದವರು. ಮಲೇರಿಯಾದ ರೋಗಾಣುವನ್ನು ಅವರು ಸೊಳ್ಳೆಯ ಹೊಟ್ಟೆಯಲ್ಲಿ ಕಂಡಿದ್ದು 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ನಾವು ವಾಡಿ ಜಂಕ್ಷನ್ ದಾಟಿ ರೈಲಿನಲ್ಲಿ ಹೋಗುವ ಅದೇ ಸಿಕಂದರಾಬಾದ್! ಅವರಿಗೆ ದಾರಿ ತೋರಿಸಿದವರು ಪ್ಯಾಟ್ರಿಕ್ ಮ್ಯಾನ್ಸನ್. ಆನೆಕಾಲಿನ ಹುಳು ಸೊಳ್ಳೆಯೊಳಗೆ ಬೆಳೆಯುತ್ತೆ ಅಂತ ಮ್ಯಾನ್ಸನ್ 1877ರಲ್ಲೇ ಚೀನಾದಲ್ಲಿ ಕಂಡುಕೊಂಡಿದ್ದರು. ಇದನ್ನು ಓದಿದಾಗ ನನಗೆ ಸಂಕಟವಾಯಿತು. ಆಯಿ ಹುಟ್ಟುವ ಎಷ್ಟೋ ವರ್ಷ ಮೊದಲೇ ಗೊತ್ತಿದ್ದ ವಿಷಯ ಇದು. ಅವಳು ಮಾತ್ರ ಸಾಯುವ ತನಕ ತನ್ನ ಕಾಲಿಗೆ ಯಾರದೋ ಕಣ್ಣು ಬಿದ್ದಿದೆ ಅಂತಲೇ ತಿಳಿದಿದ್ದಳು.

ಆಯಿಗೆ ವರ್ಷಕ್ಕೆ ನಾಕೈದು ಸಲ ಚಳಿ ಜ್ವರ ಬರುತ್ತಿತ್ತು. ಕಾಲು ಕೆಂಪಗಾಗಿ ಮುಟ್ಟಿದರೆ ಸುಡುತ್ತಿತ್ತು. ನಾಲ್ಕು ದಿನ ಎದ್ದೇಳುತ್ತಿರಲಿಲ್ಲ. ಪ್ರತಿ ಸಲ ಜ್ವರ ಬಿಟ್ಟಾಗಲೂ ಕಾಲು ಇನ್ನಷ್ಟು ದಪ್ಪವಾಗಿರುತ್ತಿತ್ತು. ಒಂದು ದವಾಖಾನೆಗೆ ಕರೆದುಕೊಂಡು ಹೋದಾಗ "ಇದಕ್ಕೇನೂ ಔಷಧ ಇಲ್ಲ, ಮನೆಗೆ ಹೋಗ್ರಿ" ಅಂದರು. ಅರ್ಧ ನಿಜ. ದಪ್ಪವಾದ ಕಾಲು ಮೊದಲಿನಂತೆ ಆಗೋದು ಕಷ್ಟ. ಆದರೆ ಆ ಜ್ವರ ಹುಳುವಿನಿಂದ ಬರೋದಕ್ಕಿಂತ ಜಾಸ್ತಿ, ಬೆರಳ ಸಂದಿಯ ಬಿರುಕಿನಲ್ಲಿ ನುಗ್ಗುವ ಬೇರೆ ರೋಗಾಣುಗಳಿಂದ ಬರುತ್ತೆ. ಅದನ್ನು ತಡೆಯಲು ಬೇಕಾಗಿದ್ದು ಒಂದು ಬೋಗುಣಿ ನೀರು, ಸೋಪು, ಒಣ ಬಟ್ಟೆ, ಕಾಲಿಗೆ ಚಪ್ಪಲಿ. ಇಷ್ಟನ್ನು ಯಾರಾದರೂ ಅವತ್ತು ಹೇಳಿದ್ದರೆ ಆಯಿ ಎಷ್ಟು ಜ್ವರಗಳಿಂದ ಉಳಿಯುತ್ತಿದ್ದಳು!

ತಾಂಗಾದ ಅಜ್ಜಿ ನಾಲ್ಕನೇ ಭೇಟಿಗೆ ಖಾಂಗಾ ಮೇಲೆತ್ತಿದರು. ಅಂಗಳದಲ್ಲಿ ನೀಲಿ ಪ್ಲಾಸ್ಟಿಕ್ ಬೋಗುಣಿ ಇಟ್ಟು, ತಣ್ಣೀರು ಹಾಕಿ, ನಾನೇ ಕಾಲು ತೊಳೆದೆ. ಮೊಣಕಾಲಿನಿಂದ ಕೆಳಗೆ, ಮಡಿಕೆ ಮಡಿಕೆ ಬಿಡಿಸಿ, ಮೆಲ್ಲಗೆ. ಉಜ್ಜೋ ಹಾಗಿಲ್ಲ. ನೀರು ತಿಳಿಯಾಗುವ ತನಕ ತೊಳೆಯಬೇಕು. ಆಮೇಲೆ ಬೆರಳ ಸಂದಿಗೆ ಬಟ್ಟೆಯ ಸಣ್ಣ ಪಟ್ಟಿ ತೂರಿಸಿ ಒರೆಸಬೇಕು. ಈ ಒರೆಸೋದನ್ನೇ ಎಲ್ಲರೂ ಬಿಡೋದು, ಅಲ್ಲಿಂದಲೇ ಜ್ವರ ಶುರುವಾಗೋದು. ಅಜ್ಜಿ ಕೇಳಿದ್ದು ಎರಡೇ ಪ್ರಶ್ನೆ. ಯಾವ ಸೋಪು ಆಗುತ್ತೆ? ಯಾವುದಾದರೂ ಆಗುತ್ತೆ, ಚರ್ಮ ಉರಿಯದಿದ್ದರೆ ಸಾಕು ಅಂದೆ. ಆಮೇಲೆ, "ನಿಮ್ಮಜ್ಜಿ ಕಾಲಿಗೂ ಹೀಗೇ ಮಾಡಿದ್ಯಾ?" ಅಂದರು. ನನಗೆ ಆಗ ಗೊತ್ತಿರಲಿಲ್ಲ ಅಂದೆ. ಅವರು ನನ್ನ ತಲೆ ಮೇಲೆ ಕೈ ಇಟ್ಟರು.

ಇನ್ನೊಂದು ವಿಷಯ. ನಾನು ಚಿಕ್ಕವಳಿದ್ದಾಗ ಈ ರೋಗದ ಪರೀಕ್ಷೆಗೆ ಅಂತ ಊರಿಗೆ ರಕ್ತ ತಗೊಳ್ಳೋರು ರಾತ್ರಿ ಹತ್ತರ ಮೇಲೆ ಬಂದಿದ್ದರು. "ಹಗಲ ಬಿಟ್ಟು ರಾತ್ರಿ ಯಾಕ ರಕ್ತ ಬೇಕು ಇವರಿಗೆ?" ಅಂತ ಮುತ್ಯಾ ಬಾಗಿಲು ಹಾಕಿಬಿಟ್ಟ. ಕಾರಣ ಸರಳ. ಈ ಹುಳುವಿನ ಮರಿಗಳು ಹಗಲು ದೇಹದ ಒಳಗೆ ಅಡಗಿರುತ್ತವೆ, ರಾತ್ರಿ ರಕ್ತಕ್ಕೆ ಬರುತ್ತವೆ. ಇದನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚೋದೂ ರಾತ್ರಿಯೇ. ಚರಂಡಿಯ ಗಲೀಜು ನೀರಿನಲ್ಲಿ ಹುಟ್ಟುವ ಸೊಳ್ಳೆ ಅದು. ಅವತ್ತು ಬಂದವರು ಇಷ್ಟನ್ನು ಕಟ್ಟೆ ಮೇಲೆ ಕೂತು ಹೇಳಿದ್ದರೆ ಮುತ್ಯಾ ಬಾಗಿಲು ತೆಗೆಯುತ್ತಿದ್ದ ಅಂತ ನನ್ನ ನಂಬಿಕೆ.

ಲಿವರ್‌ಪೂಲಿನ ಲೈಬ್ರರಿಯಲ್ಲಿ ಒಂದು ದಿನ ಯಾದಗಿರಿಯ ಹೆಸರು ಕಂಡೆ. ಆನೆಕಾಲು ತಡೆಯಲು ಊರವರಿಗೆಲ್ಲ ಕೊಡುವ ಎರಡು ಬಗೆಯ ಮಾತ್ರೆಯ ಬದಲು ಮೂರು ಬಗೆಯ ಮಾತ್ರೆ ಒಟ್ಟಿಗೆ ಕೊಡಬಹುದಾ ಅಂತ ಐದು ದೇಶಗಳಲ್ಲಿ 26 ಸಾವಿರಕ್ಕೂ ಹೆಚ್ಚು ಜನರ ಮೇಲೆ ಅಧ್ಯಯನ ಮಾಡಿದ್ದರು. ಫಿಜಿ, ಹೈಟಿ, ಇಂಡೊನೇಷ್ಯಾ, ಪಪುವಾ ನ್ಯೂಗಿನಿ, ಮತ್ತೆ ಭಾರತ. ಭಾರತದ ಭಾಗ ನಡೆದದ್ದು ನಮ್ಮ ಯಾದಗಿರಿ ಜಿಲ್ಲೆಯಲ್ಲಿ. ಮೂರೂ ಸೇರಿಸಿ ಕೊಟ್ಟರೂ ಎರಡರಷ್ಟೇ ಸುರಕ್ಷಿತ ಅಂತ ತಿಳಿಯಿತು. ನಮ್ಮ ಹಳ್ಳಿ ಜನ ನುಂಗಿದ ಗುಳಿಗೆ ಬೇರೆ ದೇಶದವರಿಗೂ ದಾರಿ ಮಾಡಿತು. ನನಗೆ ಕಣ್ಣು ತುಂಬಿ ಬಂತು. ಅದೇ ರಾತ್ರಿ ಚಿಗವ್ವನಿಗೆ ಫೋನ್ ಮಾಡಿದೆ.

"ಆಶಾ ಅಕ್ಕ ಗುಳಿಗಿ ಕೊಟ್ಟು ಹೋಗ್ಯಾಳ. ದೇವರ ಜಗಲಿ ಮ್ಯಾಲ ಇಟ್ಟೀನಿ" ಅಂದಳು.

"ಯಾಕ ನುಂಗಿಲ್ಲ?"

"ನನಗೇನಾಗ್ಯದ ಅಂತ ನುಂಗ್ಲಿ? ಕಾಲು ಛಂದ ಅದ."

ಹುಳು ಸೇರೋದು ಎಷ್ಟೋ ಸಲ ಚಿಕ್ಕಂದಿನಲ್ಲೇ, ಕಾಲು ಊದೋದು ವರ್ಷಗಳಾದ ಮೇಲೆ ಅಂದೆ. ಅಷ್ಟರ ತನಕ ಏನೂ ಗೊತ್ತಾಗೋದಿಲ್ಲ. ನಮ್ಮ ರಕ್ತದಲ್ಲಿದ್ದದ್ದು ಸೊಳ್ಳೆಯ ಮೂಲಕ ಮನೆಯ ಕೂಸುಗಳಿಗೆ ಹೋಗುತ್ತೆ. ಗುಳಿಗೆ ನುಂಗಿದ ಮೇಲೆ ಸ್ವಲ್ಪ ಜ್ವರ, ತಲೆನೋವು ಬಂದರೆ ಅದು ಒಳಗಿನ ಹುಳು ಸಾಯುತ್ತಿರುವ ಗುರುತು. ಗರ್ಭಿಣಿಯರಿಗೆ, ಎರಡು ವರ್ಷದೊಳಗಿನ ಮಕ್ಕಳಿಗೆ, ತುಂಬಾ ಹುಷಾರಿಲ್ಲದವರಿಗೆ ಕೊಡೋದಿಲ್ಲ, ಉಳಿದವರು ತಗೋಬೇಕು. ಚಿಗವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಿಮ್ಮಾಯಿಗೂ ಹಿಂಗೇ ಆಗಿತ್ತೇನು?" ಅಂದಳು.

ಮರುದಿನ ಸಂಜೆ ಆಶಾ ಅಕ್ಕನನ್ನು ಮತ್ತೆ ಕರೆಸಿದ್ದಳು. ವಿಡಿಯೋ ಕಾಲ್‌ನಲ್ಲಿ ನಾನೂ ಇದ್ದೆ. ಗುಳಿಗೆಯ ಲೆಕ್ಕಕ್ಕೆ ಎತ್ತರ ಅಳೆಯಲು ಚಿಗವ್ವ ಗೋಡೆಗೆ ಬೆನ್ನು ಹಚ್ಚಿ ನಿಂತಳು. ರೊಟ್ಟಿ, ಪುಂಡಿಪಲ್ಯೆ ಮೊದಲೇ ಉಂಡಿದ್ದಳು, ಖಾಲಿ ಹೊಟ್ಟೆಯಲ್ಲಿ ಬೇಡ ಅಂತ ಹೇಳಿದ್ದೆ. ಒಂದೊಂದೇ ನುಂಗಿ ನೀರು ಕುಡಿದಳು. ಆಮೇಲೆ ಹೊರಗೆ ಮುಖ ಮಾಡಿ ಕಾಕಾನನ್ನು ಕೂಗಿದಳು: "ಕೈ ತೊಳಕೊಂಡು ಬರ್ರಿಲ್ಲಿ, ನಿಮ್ಮ ಪಾಳಿ ಬಂತು."